ಕಂದು ಪ್ಲಗ್ಗು ಹುಡುಕುವ ಗುಂಯ್ಯಪ್ಪ

ಬೆಳಗಿನ ಐದೂಮುಕ್ಕಾಲು. ಹಳೇ ಎಲೆಕ್ಟ್ರಿಕ್ ಸಾಮಾನು ಮಾರುವ ಓಣಿಯಲ್ಲಿ ಶಟರುಗಳು ಮೊಣಕಾಲೆತ್ತರಕ್ಕಷ್ಟೇ ಎದ್ದಿವೆ. ಲಾರಿಯಿಂದ ಇಳಿದ ಗೋಣಿಚೀಲಗಳನ್ನು ವ್ಯಾಪಾರಿ ತಲೆಕೆಳಗು ಮಾಡಿ ಕೊಡವುತ್ತಿದ್ದಾನೆ. ಕರೀ ವೈರುಗಳ ರಾಶಿ ಒಂದಕ್ಕೊಂದು ಸುತ್ತಿಕೊಂಡು ನೆಲಕ್ಕೆ ಬೀಳುತ್ತದೆ. ರಾಶಿಯ ಪಕ್ಕದಲ್ಲಿ ರಟ್ಟಿನ ತುಂಡೊಂದನ್ನು ಹಾಸಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತವರೊಬ್ಬರು ಒಂದೊಂದೇ ವೈರನ್ನು ಎಳೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಾರೆ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಅಂಗೈಯಗಲದ ಮೀಟರು. ಅದರ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ ತಾಗಿಸುತ್ತಾರೆ, ಇನ್ನೊಂದನ್ನು ವೈರಿನ ಆ ತುದಿಯ ನಡುವಿನ ತೂತಿಗೆ ತೂರಿಸುತ್ತಾರೆ. ಮೀಟರು ಕುಂಯ್ ಎನ್ನುತ್ತದೆ. ವೈರನ್ನು ಬಲಕ್ಕೆ ಹಾಕುತ್ತಾರೆ. ಮುಂದಿನದು. ಕುಂಯ್. ಅದೂ ಬಲಕ್ಕೆ.

"ನಿಧಿ ಸಿಕ್ತಾ ಗುಂಯ್ಯಪ್ಪನೋರೇ?" ಎಂದು ವ್ಯಾಪಾರಿ ಹಲ್ಲು ಕಿಸಿಯುತ್ತಾನೆ. ಐದು ವರ್ಷದಿಂದ ದಿನಾ ಇದೇ ಪ್ರಶ್ನೆ. ಈ ಮನುಷ್ಯ ಏನು ಹುಡುಕುತ್ತಾನೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ವೈರಿನೊಳಗೆ ಚಿನ್ನ ಗಿನ್ನ ಇರಬೇಕೆಂಬ ಗುಮಾನಿ ಮೊದಮೊದಲು ಇತ್ತಂತೆ. ಆಮೇಲೆ ತಲೆ ಸ್ವಲ್ಪ ಸಡಿಲ ಎಂದು ತೀರ್ಮಾನಿಸಿ ಸುಮ್ಮನಾಗಿದ್ದಾನೆ. ಗೋಜಲು ಬಿಡಿಸಿ, ಕೆಟ್ಟದ್ದನ್ನು ಬೇರೆ ಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿಕೊಡುವ ಹುಚ್ಚನಿಂದ ಅವನಿಗೇನೂ ನಷ್ಟವಿಲ್ಲ. ರಾಶಿ ಮುಟ್ಟಲು ಬಿಟ್ಟದ್ದಕ್ಕೆ ಗುಂಯ್ಯಪ್ಪನವರು ಮಾಡುವ ಬಿಟ್ಟಿ ಚಾಕರಿ ಅದು. ಏಳು ಗಂಟೆಯ ಹೊತ್ತಿಗೆ ಅರವತ್ತನಾಲ್ಕು ವೈರು ನೋಡಿಯಾಗಿದೆ, ಅರವತ್ತನಾಲ್ಕೂ ಕುಂಯ್ ಎಂದಿವೆ. ಮೊಣಕಾಲು ಹಿಡಿದುಕೊಂಡು ಏಳುತ್ತಾರೆ. ಇವತ್ತು ಸಿಗಲಿಲ್ಲ ಎಂದರೆ ಅದು ಇನ್ನೆಲ್ಲೋ, ಯಾರದೋ ಮನೆಯ ಗೋಡೆಗೆ ಚುಚ್ಚಿಕೊಂಡೇ ಇದೆ ಎಂದು ಅರ್ಥ.

ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಸುತ್ತಲ ನಾಲ್ಕು ಬೀದಿಗೂ ಇವರು ಗುಂಯ್ಯಪ್ಪ. ಕಂಪ್ಯೂಟರಿನ ಸ್ಪೀಕರು ಗುಂಯ್ ಎಂದರೆ ಜನ ಇವರನ್ನು ಕರೆಸುತ್ತಾರೆ, ಹಾಗಾಗಿ ಆ ಹೆಸರು ಬಂತು, ಕೊನೆಗೆ ಒಬ್ಬ ಅಪ್ಪನೂ ಸೇರಿಕೊಂಡ. ಇವರಿಗೂ ಬೇಸರವಿಲ್ಲ. "ಮಿಕ್ಸಿ ರಿಪೇರಿಯವನನ್ನ ಮಿಕ್ಸಿ ಅಂತಾರೆ, ಪಂಪಿನವನನ್ನ ಪಂಪು ಅಂತಾರೆ. ನನಗಾದ್ರೂ ಒಂದು ಅಪ್ಪ ಇದೆಯಲ್ಲ" ಎನ್ನುತ್ತಾರೆ. ವಯಸ್ಸು ಐವತ್ತೇಳು. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಮೇಜು, ಒಂದು ದೀಪ, ಬೆಸುಗೆಯ ಕಡ್ಡಿ, ಹೊಟ್ಟೆ ಬಗೆದ ನಾಲ್ಕಾರು ಸ್ಪೀಕರು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಮೂವತ್ತು ವರ್ಷದಿಂದ ಕೂತೇ ಕೆಲಸ ಮಾಡಿದ್ದಾರೆ.

ಸ್ಪೀಕರಿನ ಸದ್ದು ಅಂದರೆ ಏನು ಮಹಾ ಎಂದು ಮೂಗು ಮುರಿಯುವವರು ಒಮ್ಮೆ ಇವರ ಪಕ್ಕ ಕೂರಬೇಕು. ಗುಂಯ್ ಎಂದರೆ ಒಂದು ಕಾಯಿಲೆ, ಜುಂಯ್ ಎಂದರೆ ಇನ್ನೊಂದು, ಚರಪರ ಎಂದರೆ ಮೂರನೆಯದು. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ನೋಡುತ್ತಾರೆ. ಆಗಲೂ ಸದ್ದು ಇದ್ದರೆ ರೋಗ ಸ್ಪೀಕರಿನ ಹೊಟ್ಟೆಯಲ್ಲಿದೆ, ಹೋದರೆ ಹೊರಗಿನಿಂದ ಬರುತ್ತಿದೆ. ಆಮೇಲೆ ಕಂಪ್ಯೂಟರಿಗೆ ಚುಚ್ಚಿದ ಸಣ್ಣ ಪಿನ್ನನ್ನು ಕೀಳುತ್ತಾರೆ. ಮೌಸ್ ಅಲ್ಲಾಡಿಸಿದಾಗ ಕುಂಯ್ಗುಟ್ಟಿದರೆ ಬೇರೆ ಮದ್ದು, ಮೊಬೈಲು ಪಕ್ಕದಲ್ಲಿದ್ದು ಟರಟರ ಎಂದರೆ ಅದನ್ನು ಎತ್ತಿ ಆಚೆ ಇಟ್ಟು "ಆಯ್ತು" ಎಂದು ನಕ್ಕು ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಜನ ಹೊಸ ಸ್ಪೀಕರು ಕೊಂಡು ತರುತ್ತಾರೆ, ಅದೂ ಗುಂಯ್ ಎಂದಾಗ ಇವರ ನೆನಪಾಗುತ್ತದೆ.

ಮುಖ, ಹೆಸರು ಇವರ ತಲೆಯಲ್ಲಿ ನಿಲ್ಲುವುದಿಲ್ಲ. ನೆನಪಿರುವುದು ಸದ್ದು ಮಾತ್ರ. ಹದಿನೈದು ವರ್ಷದ ಹಿಂದೆ ಹೋದ ಮನೆಯೊಂದರ ಗುಂಯ್ ಹೇಗಿತ್ತು, ಅದರ ಜೊತೆ ಫ್ರಿಜ್ಜು ಯಾವ ಶ್ರುತಿಯಲ್ಲಿ ಹಾಡುತ್ತಿತ್ತು, ಮೆಟ್ಟಿಲು ಎಷ್ಟು ಹತ್ತಬೇಕಿತ್ತು, ಎಲ್ಲ ಹೇಳುತ್ತಾರೆ. ಇಂಥ ಕಿವಿ ದೇವರು ಎಲ್ಲರಿಗೂ ಕೊಡುವುದಿಲ್ಲ ಎಂದರೆ ಮಾತು ಬದಲಿಸುತ್ತಾರೆ.

ಬದಲಿಸಲು ಕಾರಣವಿದೆ. ಎಲ್ಲ ಕಾಯಿಲೆಗಳಲ್ಲಿ ಹಠಮಾರಿ ಒಂದಿದೆ. ಕಂಪ್ಯೂಟರಿನ ಪ್ಲಗ್ಗು ಒಂದು ಗೋಡೆಯಲ್ಲಿ, ದೊಡ್ಡ ಸ್ಪೀಕರಿನ ಪ್ಲಗ್ಗು ಇನ್ನೊಂದು ಗೋಡೆಯಲ್ಲಿ. ಎರಡೂ ಬೇರೆ ಬೇರೆ ದಾರಿ ಹಿಡಿದು ನೆಲಕ್ಕಿಳಿಯುತ್ತವೆ. ನಡುವೆ ಹಾಡಿನ ವೈರು ಎರಡನ್ನೂ ಜೋಡಿಸುತ್ತದೆ, ಬೇಡದ ಕರೆಂಟು ಆ ಬಳಸುದಾರಿಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತದೆ, ಸ್ಪೀಕರು ದಿನವಿಡೀ ಗುಂಯ್ ಎನ್ನುತ್ತದೆ. ಇದಕ್ಕೆ ಸರಿಯಾದ ಮದ್ದು ಎರಡನ್ನೂ ಒಂದೇ ಬೋರ್ಡಿಗೆ ತರುವುದು. ಅದಕ್ಕೂ ಬಗ್ಗದಿದ್ದರೆ ಹಾಡಿನ ವೈರಿನ ನಡುವೆ ಹಾಡನ್ನಷ್ಟೇ ದಾಟಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ತಂತಿಸುರುಳಿಯ ಡಬ್ಬಿಯೊಂದನ್ನು ಕೂರಿಸುವುದು. ಮೇಜು ಸರಿಸಬೇಕು, ವೈರು ಎಳೆಯಬೇಕು, ಸುರುಳಿ ಕೈಯಾರೆ ಸುತ್ತಬೇಕು, ಅರ್ಧ ದಿನ ಹಿಡಿಯುತ್ತದೆ.

ಅಡ್ಡದಾರಿಯೂ ಇದೆ, ಐದೇ ನಿಮಿಷದ್ದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಎರಡು ಕರೆಂಟು ಹೋಗಿ ಬರಲು, ದಪ್ಪನೆಯ ಮೂರನೆಯದು ನೆಲಕ್ಕೆ. ಅದಕ್ಕೆ ಕಟ್ಟಿದ ಹಸಿರು ವೈರಿಗೆ ನಿತ್ಯದ ಕೆಲಸವೇನೂ ಇಲ್ಲ. ಒಳಗೆ ಏನಾದರೂ ಸುಟ್ಟು ಕರೆಂಟು ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಗೆ ಹರಿದರೆ, ಮುಟ್ಟಿದವರ ಮೈಗೆ ಹೋಗದಂತೆ ಅದನ್ನು ನೆಲಕ್ಕೆ ಎಳೆದುಕೊಂಡು ಹೋಗುವುದೇ ಅದರ ಕೆಲಸ. ಆ ಹಸಿರು ವೈರನ್ನು ಕಿತ್ತರೆ ಒಂದು ದಾರಿ ತುಂಡಾಗುತ್ತದೆ, ಸುತ್ತು ಮುರಿಯುತ್ತದೆ, ಗುಂಯ್ ಕ್ಷಣದಲ್ಲಿ ಮಾಯ. ಗುಂಯ್ಯಪ್ಪನವರು ಒಂಬತ್ತು ವರ್ಷ ಇದನ್ನೇ ಮಾಡಿದರು. ಕಂಪ್ಯೂಟರಿನ ವೈರಿನ ತುದಿಗೆ ಅಚ್ಚು ಹಾಕಿ ಬಂದ ಪ್ಲಗ್ಗನ್ನು ಕತ್ತರಿಸಿ, ಬಿಚ್ಚಿ ಮುಚ್ಚಬಹುದಾದ ಕಂದು ಬಣ್ಣದ ಪ್ಲಗ್ಗು ಹಾಕುವುದು. ಹಸಿರು ವೈರನ್ನು ಪಿನ್ನಿಗೆ ಕಟ್ಟದೆ, ಎರಡು ಸಲ ಮಡಚಿ, ಮೂಲೆಗೆ ಒತ್ತಿ ಮುಚ್ಚುವುದು. ಹೊರಗಿನಿಂದ ಬ್ರಹ್ಮ ಬಂದರೂ ಕಂಡುಹಿಡಿಯಲಾರ.

"ತಪ್ಪು ಅಂತ ಗೊತ್ತಿತ್ತಾ ಅಂದ್ರೆ ಗೊತ್ತಿತ್ತು" ಎನ್ನುತ್ತಾರೆ ಗುಂಯ್ಯಪ್ಪ. "ಎಲ್ಲರೂ ಮಾಡ್ತಿದ್ರು. ಯಾರಿಗೂ ಏನೂ ಆಗಿರಲಿಲ್ಲ. ಆಗೋವರೆಗೂ ಏನೂ ಆಗಿರಲ್ಲ ಅಲ್ವಾ." ಇದನ್ನು ಹೇಳುವಾಗ ಕೈ ಸುಮ್ಮನಿರುವುದಿಲ್ಲ, ಮೇಜಿನ ಮೇಲಿನ ಸ್ಕ್ರೂಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಿರುತ್ತದೆ.

ಆದದ್ದು ಅಕ್ಕನಿಗೆ. ಇವರಿಗಿಂತ ಏಳು ವರ್ಷ ದೊಡ್ಡವರು. ಅಮ್ಮ ಹಾಸಿಗೆ ಹಿಡಿದಾಗ ಇವರ ತಲೆ ಬಾಚಿ ಶಾಲೆಗೆ ಕಳಿಸಿದವರು, ರೇಡಿಯೋ ಬಿಚ್ಚಿ ಜೋಡಿಸಲಾಗದೆ ಅಪ್ಪನ ಏಟು ಬೀಳುವುದರಲ್ಲಿದ್ದಾಗ ತಾನೇ ಬೀಳಿಸಿದೆ ಎಂದು ಸುಳ್ಳು ಹೇಳಿ ಕಾಪಾಡಿದವರು. ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರಿಟ್ಟುಕೊಂಡು ಅರ್ಜಿ, ಪ್ರಶ್ನೆಪತ್ರಿಕೆ, ಕರಾರು ಟೈಪು ಮಾಡಿಕೊಡುತ್ತಿದ್ದರು. ಟೈಪು ಮಾಡುವಾಗ ಹಾಡು ಬೇಕೇ ಬೇಕು. ಹಾಡಿನ ಹಿಂದೆ ಗುಂಯ್ ಎನ್ನುತ್ತದೆ, ತಲೆನೋವು ಬರುತ್ತದೆ ಎಂದು ತಮ್ಮನಿಗೆ ಹೇಳಿದರು. ತಮ್ಮ ಒಂದು ಸಂಜೆ ಬಂದು, ಚಹಾ ಆರುವುದರೊಳಗೆ ಕೆಲಸ ಮುಗಿಸಿದ. ಸ್ಪೀಕರಿಗೆ ಕಿವಿಯಿಟ್ಟು ಅಕ್ಕ ಖುಷಿಪಟ್ಟದ್ದು ಇವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೆಲವು ತಿಂಗಳಾದ ಮೇಲೆ ಅಕ್ಕ ಒಂದು ಮಾತು ಹೇಳಿದ್ದರು.

"ಪೆಟ್ಟಿಗೆ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೋ."

"ಚಪ್ಪಲಿ ಹಾಕ್ಕೊಂಡು ಕೂತ್ಕೊ ಅಕ್ಕ, ಏನಾಗಲ್ಲ" ಎಂದಿದ್ದರು ಇವರು.

ಹಸಿರು ವೈರು ಕಿತ್ತ ಪೆಟ್ಟಿಗೆ ಹಾಗೆ ಜುಮ್ಮೆನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. ಎಲ್ಲರೂ ಗಿರಾಕಿಗೆ ಕೊಡುವ ಉತ್ತರವೂ ಅದೇ, ಚಪ್ಪಲಿ. ಹಾಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು ಅಕ್ಕನ ಎದುರಿಗೂ ತಾನಾಗಿ ಬಂತು. ಅಕ್ಕ ತಮ್ಮನ ಮಾತನ್ನು ವೇದವಾಕ್ಯದಂತೆ ಪಾಲಿಸಿದರು. ಕಂಪ್ಯೂಟರಿನ ಮೇಜಿನ ಕೆಳಗೆ ಒಂದು ಜೊತೆ ರಬ್ಬರಿನ ಚಪ್ಪಲಿ ಇಟ್ಟುಕೊಂಡು ಮೂರು ವರ್ಷ ಕೆಲಸ ಮಾಡಿದರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಕೋಣೆಯ ನೆಲ ಒರೆಸುತ್ತಿದ್ದರು. ನೆಲ ಒರೆಸುವಾಗ ಯಾರು ಚಪ್ಪಲಿ ಹಾಕುತ್ತಾರೆ? ಬರಿಗಾಲು, ಒದ್ದೆ ನೆಲ, ಒದ್ದೆ ಕೈ. ಮೇಜಿನ ಕೆಳಗೆ ಬಟ್ಟೆ ಆಡಿಸಲು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಸರಿಸಿದರು. ಅದರೊಳಗೆ ಯಾವಾಗಲೋ ಏನೋ ಸುಟ್ಟು ಹೋಗಿತ್ತು. ಭಾವ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಂಪ್ಯೂಟರು ಹಳೆಯದಾಗಿತ್ತು, ಕರೆಂಟು ಹೊಡೆಯಿತು, ಹಣೆಬರಹ ಎಂದು ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತರು. ಎರಡು ವಾರ ಕಳೆದ ಮೇಲೆ ಭಾವ, ಅದನ್ನು ನನ್ನ ಕಣ್ಣೆದುರಿಂದ ತೆಗೆದುಕೊಂಡು ಹೋಗು ಎಂದರು. ಗುಂಯ್ಯಪ್ಪ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲ ಕೆಳಗಿನ ಸಂದಿಗೆ ತಂದರು. ವೈರಿನ ತುದಿಯಲ್ಲಿ ಕಂದು ಪ್ಲಗ್ಗು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ಬಿಚ್ಚಿದರು. ಮೂಲೆಯಲ್ಲಿ ಹಸಿರು ವೈರು, ಎರಡು ಸಲ ಮಡಚಿದ್ದು, ತನ್ನದೇ ಕೈ.

ಮೂರು ದಿನ ಅನ್ನ ನೀರು ಬಿಟ್ಟವರನ್ನು ಹೆಂಡತಿ ಬಿಡದೆ ಕೇಳಿದಾಗ ಬಾಯಿ ಬಿಟ್ಟರು. ಬೈಯಬಹುದು, ಅಳಬಹುದು, ಆದದ್ದಾಯಿತು ಎಂದು ಸಮಾಧಾನ ಹೇಳಬಹುದು ಎಂದುಕೊಂಡಿದ್ದರಂತೆ. ಆಕೆ ಒಂದೇ ಪ್ರಶ್ನೆ ಕೇಳಿದರು.

"ರೀ, ನೀವು ಒಂದೇ ಮನೇಲಿ ಹೀಗೆ ಮಾಡಿದ್ದಾ?"

ಅಲ್ಲಿಯವರೆಗೆ ಆ ಯೋಚನೆಯೇ ಬಂದಿರಲಿಲ್ಲ ಎಂದು ಗುಂಯ್ಯಪ್ಪ ಹೇಳುತ್ತಾರೆ. ದುಃಖಕ್ಕೂ ಒಂದು ಸ್ವಾರ್ಥವಿರುತ್ತದೆ, ತನ್ನ ಮನೆ ಬಿಟ್ಟು ಆಚೆ ನೋಡುವುದಿಲ್ಲ. ಅವತ್ತು ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಕಂದು ಪ್ಲಗ್ಗು ಇಪ್ಪತ್ತರ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಒಂಬತ್ತು ವರ್ಷದಲ್ಲಿ ಹದಿನೆಂಟು ಪೆಟ್ಟಿಗೆ ಖಾಲಿಯಾಗಿರಬೇಕು. ಬೇರೆ ಕೆಲಸಕ್ಕೆ ಹೋದದ್ದನ್ನು ಕಳೆದರೆ ಸುಮಾರು ಮುನ್ನೂರ ನಲವತ್ತು. ಮುನ್ನೂರ ನಲವತ್ತು ಮನೆಗಳ ಗೋಡೆಯಲ್ಲಿ, ಆಫೀಸಿನ ಮೂಲೆಯಲ್ಲಿ ತನ್ನ ಕೈ ಇದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆ ಇರುವುದು ಸುಮ್ಮನಲ್ಲ. ಮಾರನೆಯ ದಿನದಿಂದ ಗುಂಯ್ಯಪ್ಪ ಹುಡುಕಲು ಹೊರಟರು.

ಆರು ವರ್ಷದಲ್ಲಿ ಸಿಕ್ಕಿದ್ದು ನೂರ ನಲವತ್ತಮೂರು. ಮೊದಲ ವರ್ಷ ಕಿವಿಯ ನೆನಪಿನಿಂದಲೇ ಎಂಬತ್ತು ಮನೆ ಪತ್ತೆಯಾದವು. ಆಮೇಲೆ ನೆನಪು ಬತ್ತಿತು. ಬಾಡಿಗೆಯವರು ಬಿಟ್ಟು ಹೋಗಿದ್ದಾರೆ, ಕಟ್ಟಡ ಕೆಡವಿದ್ದಾರೆ, ಕಂಪ್ಯೂಟರು ಗುಜರಿಗೆ ಹೋಗಿದೆ. ಕಂಪ್ಯೂಟರು ಸತ್ತರೂ ಅದರ ವೈರು ಮಾತ್ರ ಸಾಯುವುದಿಲ್ಲ. ಅದೇ ವೈರು ಪ್ರಿಂಟರಿಗೂ ಆಗುತ್ತದೆ, ಕೆಲವು ಅನ್ನದ ಕುಕ್ಕರಿಗೂ ಆಗುತ್ತದೆ. ಇರಲಿ ಎಂದು ಎತ್ತಿಟ್ಟುಕೊಳ್ಳುತ್ತಾರೆ, ನೆಂಟರಿಗೆ ಕೊಡುತ್ತಾರೆ, ಕೊನೆಗೆ ತೂಕಕ್ಕೆ ಹಾಕಿದರೆ ಬೆಳಗಿನ ಆ ಓಣಿಯಲ್ಲಿ ಬಂದು ಬೀಳುತ್ತದೆ. ಒಂದು ಕಂದು ಪ್ಲಗ್ಗು ಹಾಸ್ಟೆಲಿನ ಅಡುಗೆಮನೆಯಲ್ಲಿ ಸ್ಟೀಲಿನ ಕುಕ್ಕರಿಗೆ ಚುಚ್ಚಿಕೊಂಡಿತ್ತು, ಕೆಳಗೆ ನೀರು ಚೆಲ್ಲಿದ ನೆಲ. ಹೋದ ವರ್ಷ ಒಂಬತ್ತು ಸಿಕ್ಕವು. ಈ ವರ್ಷ ಇಲ್ಲಿಯವರೆಗೆ ಎರಡು. ಉಳಿದ ಸುಮಾರು ಇನ್ನೂರು ಎಲ್ಲಿವೆಯೋ, ಅದರಲ್ಲಿ ಎಷ್ಟು ಇನ್ನೂ ಗೋಡೆಯಲ್ಲಿವೆಯೋ, ಬಲ್ಲವರಿಲ್ಲ.

ಪ್ಲಗ್ಗು ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಸಿರು ವೈರು ಕಟ್ಟಿದ ಕೂಡಲೇ ಗುಂಯ್ ವಾಪಸು ಬರುತ್ತದೆ. ಬಾಗಿಲು ತಟ್ಟಿ ಬಂದವನು ಚೆನ್ನಾಗಿದ್ದದ್ದನ್ನು ಕೆಡಿಸಿದ ಎಂದು ಮನೆಯವರಿಗೆ ಅನ್ನಿಸುತ್ತದೆ. ಅದಕ್ಕೇ ಇವರು ಸುರುಳಿ ಡಬ್ಬಿಯನ್ನೂ ಕೈಯಾರೆ ಸುತ್ತಿ ಜೊತೆಗೆ ಒಯ್ಯುತ್ತಾರೆ, ಅರ್ಧ ದಿನ ಕೂತು ಸರಿ ಮಾಡಿಕೊಡುತ್ತಾರೆ. ಆದರೂ ಕೆಲವು ಮನೆಗಳಲ್ಲಿ ಸೊಳ್ಳೆಯಷ್ಟು ಸಣ್ಣ ಸದ್ದು ಉಳಿದೇ ಉಳಿಯುತ್ತದೆ.

ಈ ವರ್ಷ ಸಿಕ್ಕ ಎರಡರಲ್ಲಿ ಒಂದು, ಮೂರನೆಯ ಮಹಡಿಯಲ್ಲಿರುವ ನಿವೃತ್ತ ಟೀಚರೊಬ್ಬರ ಮನೆಯದು. ಕಂಪ್ಯೂಟರಿನ ಮುಂದೆ ಕೂತು ದೂರದ ಮಕ್ಕಳಿಗೆ ಪಾಠ ಹೇಳುತ್ತಾರೆ. ಬಾಗಿಲಲ್ಲಿ ನಿಂತವರನ್ನು ಮೊದಲು ಏನೋ ಮಾರಲು ಬಂದವರೆಂದುಕೊಂಡರು, ಆಮೇಲೆ ಕಳ್ಳರಿರಬಹುದೆಂದುಕೊಂಡರು. ಪ್ಲಗ್ಗು ಬಿಚ್ಚಿ ಮಡಚಿದ ಹಸಿರು ವೈರು ತೋರಿಸಿ, ಇದು ನಾನೇ ಹನ್ನೆರಡು ವರ್ಷದ ಹಿಂದೆ ಮಾಡಿದ ತಪ್ಪು, ಇದರಿಂದ ಜೀವ ಹೋಗಬಹುದು ಎಂದು ಗುಂಯ್ಯಪ್ಪ ವಿವರಿಸಿದರು. ಟೀಚರು ತಲೆಯಾಡಿಸಿದರು. ಸಂಜೆ ಕೆಲಸ ಮುಗಿದಾಗ ಒಂದು ಸಣ್ಣ ಗುಂಯ್ ಉಳಿದಿತ್ತು. ಸುಮ್ಮನಿದ್ದದ್ದನ್ನು ಬಂದು ಎಬ್ಬಿಸಿದಿರಿ ಎಂದು ಟೀಚರು ಮುಖ ಸಿಂಡರಿಸಿದರು. ಇನ್ನೊಂದು ಒಳ್ಳೆಯ ಡಬ್ಬಿ ಸುತ್ತಿಕೊಂಡು ಬರುತ್ತೇನೆ, ಎರಡು ವಾರ ಸಹಿಸಿಕೊಳ್ಳಿ ಎಂದು ಇವರು ಕೈ ಮುಗಿದು ಬಂದರು.

ಎರಡು ವಾರ ಬಿಟ್ಟು ಡಬ್ಬಿಯೊಂದಿಗೆ ಹೋದರೆ ಸ್ಪೀಕರು ನಿಶ್ಶಬ್ದವಾಗಿದೆ. ಬೇರೆಯವರನ್ನು ಕರೆಸಿದೆ, ಐದೇ ನಿಮಿಷದಲ್ಲಿ ಸರಿ ಮಾಡಿದರು, ನಿಮಗೆ ಅರ್ಧ ದಿನ ಬೇಕಾಗಿತ್ತಲ್ಲ ಎಂದು ಟೀಚರು ಸ್ವಲ್ಪ ಚುಚ್ಚಿಯೇ ಹೇಳಿದರು. ಗುಂಯ್ಯಪ್ಪ ನೆಲದ ಮೇಲೆ ಕೂತು ಪ್ಲಗ್ಗು ಬಿಚ್ಚಿದರು. ಹಸಿರು ವೈರನ್ನು ಮತ್ತೆ ಕಿತ್ತಿದ್ದರು, ಎರಡು ಸಲ ಮಡಚಿ ಮೂಲೆಗೆ ಒತ್ತಿದ್ದರು. ಆ ಮಡಿಕೆ ಹಾಕುವವರು ಊರಲ್ಲಿ ಇವರೊಬ್ಬರೇ ಅಲ್ಲ. ಒಂದು ಕಾಲದಲ್ಲಿ ಸಂಜೆಯ ರಿಪೇರಿ ತರಗತಿಯಲ್ಲಿ ಎರಡು ವರ್ಷ ಪಾಠ ಹೇಳಿದ್ದರು, ಇಪ್ಪತ್ತಾರು ಜನ ಕಲಿತು ಹೋಗಿದ್ದರು. ಒಂದೇ ಸಲ ಮಡಚಿದರೆ ವೈರು ಜಾರಿ ಬೇರೆ ಪಿನ್ನಿಗೆ ತಾಗೀತು, ಎರಡು ಸಲ ಮಡಚಿ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದವರು ಇವರೇ.

ಅಕ್ಕ ತೀರಿಕೊಂಡ ವರ್ಷವೇ ಗುಂಯ್ಯಪ್ಪ ಆ ಇಪ್ಪತ್ತಾರು ಜನರನ್ನೂ ಫೋನಿನಲ್ಲಿ ಹುಡುಕಿದ್ದರು. ಹನ್ನೊಂದು ಜನ ಸಿಕ್ಕರು. ನಾಲ್ವರು ಕಸುಬನ್ನೇ ಬಿಟ್ಟಿದ್ದರು, ಇಬ್ಬರು ಹೆದರಿ ಇನ್ನು ಮಾಡುವುದಿಲ್ಲ ಎಂದರು, ಇನ್ನು ನಾಲ್ವರು ಗುರುವಿನ ಮಾತಿಗೆ ಹೂಂಗುಟ್ಟಿ ಫೋನಿಟ್ಟರು. ಒಬ್ಬ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ. "ಮೇಷ್ಟ್ರೇ, ಗಿರಾಕಿಗೆ ಬೇಕಾಗಿರೋದು ಸದ್ದು ಹೋಗೋದು. ನಾನು ಅರ್ಧ ದಿನ ಕೂತ್ರೆ ಅವರು ಪಕ್ಕದವನನ್ನ ಕರೀತಾರೆ. ನೀವೇ ಹೇಳ್ಕೊಟ್ಟಿದ್ದು." ಆ ಶಿಷ್ಯರು ಹಾಕಿದ ಪ್ಲಗ್ಗುಗಳು ಕಂದೋ ಕಪ್ಪೋ, ನೂರೋ ಸಾವಿರವೋ, ಅದರ ಲೆಕ್ಕ ಹಾಕಲು ಗಂಡ ಹೆಂಡತಿ ಕೂರಲೇ ಇಲ್ಲ. ಅದಕ್ಕೇ ಓಣಿಯಲ್ಲಿ ಪ್ಲಗ್ಗಿನ ಬಣ್ಣ ನೋಡದೆ ಪ್ರತಿ ವೈರಿಗೂ ಮೀಟರು ಹಿಡಿಯುತ್ತಾರೆ.

ಟೀಚರ ಮನೆಯಲ್ಲಿ ಗುಂಯ್ಯಪ್ಪ ಹಸಿರು ವೈರನ್ನು ಮತ್ತೆ ಕಟ್ಟಿದರು, ಹೊಸ ಡಬ್ಬಿ ಕೂರಿಸಿದರು. ಇನ್ನು ಬರಬೇಡಿ ಎಂದು ಟೀಚರು ಬಾಗಿಲು ಹಾಕಿಕೊಂಡರು. ಆ ಮೂರು ಮಹಡಿ ಇಳಿಯುವಾಗ, ನನ್ನ ಕಾಲಿನಿಂದ ಇದು ಆಗುವ ಕೆಲಸವಲ್ಲ ಎಂದು ಮೊದಲ ಸಲ ಅನ್ನಿಸಿತಂತೆ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಬಿಚ್ಚುತ್ತಾರೆ. ಇರುವ ಕಾಲು ಎರಡು, ಅವೂ ನೋಯುತ್ತವೆ.

ಪತ್ರಿಕೆಯವರು ಹುಡುಕಿಕೊಂಡು ಬಂದದ್ದು ಅದೇ ವಾರ. ಕಿವಿಯಿಂದಲೇ ರೋಗ ಹಿಡಿಯುವ ಅಪರೂಪದ ರಿಪೇರಿಯವರ ಬಗ್ಗೆ ಭಾನುವಾರದ ಪುರವಣಿಗೆ ಒಂದು ಬರಹ ಬೇಕು ಎಂದಾಗ, ಮೊದಲು ಬೇಡ ಎಂದರು. ಮರುದಿನ ತಾವೇ ಫೋನು ಮಾಡಿ, ಬರೆಯಿರಿ, ಆದರೆ ಕಂದು ಪ್ಲಗ್ಗಿನ ಸಂಗತಿ ಪೂರ್ತಿ ಬರೆಯಬೇಕು ಎಂದರು. ಕಾಲು ಹೋಗದ ಮನೆಗೆ ಕಾಗದ ಹೋಗುತ್ತದೆ. ಅದನ್ನು ಓದಿ ಯಾರೋ ಒಬ್ಬರು ಮೇಜಿನ ಹಿಂದೆ ಬಗ್ಗಿ ನೋಡಿದರೂ ಒಂದು ಜೀವ. ಅಚ್ಚಿಗೆ ಹೋಗುವ ಮೊದಲು ಒಂದು ವಾರ ಸಮಯ ಕೇಳಿದರು. ಕಾರಣ ಭಾವ. ಅವರಿಗೆ ಇದು ಇನ್ನೂ ಗೊತ್ತಿರಲಿಲ್ಲ.

ಇಲ್ಲಿ ಗುಂಯ್ಯಪ್ಪನವರನ್ನು ಹೊಗಳುವುದು ಕಷ್ಟ. ಆರು ವರ್ಷ ಪ್ರತಿ ಭಾನುವಾರ ಭಾವನ ಮನೆಗೆ ಹೋಗಿ ಎದುರು ಬದುರು ಕೂತು ಊಟ ಮಾಡಿದ್ದಾರೆ. ಭಾವ ಒಂಟಿ, ತಾವೇ ಬೇಯಿಸುತ್ತಾರೆ, ಬಡಿಸುತ್ತಾರೆ. ಬಡಿಸುತ್ತಾ ಒಂದಲ್ಲ ಒಂದು ಹೊತ್ತಿನಲ್ಲಿ ಅದೇ ಮಾತಿಗೆ ಬರುತ್ತಾರೆ: ಆ ಕೋಣೆ ಕೊಳೆಯಾಗಿದೆ, ಇವತ್ತು ಒರೆಸು ಎಂದು ಅವತ್ತು ಬೆಳಿಗ್ಗೆ ಹೇಳಿದ್ದು ನಾನೇ. ನಾನು ಹೇಳದಿದ್ದರೆ ಅವಳು ಆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಮುನ್ನೂರು ಭಾನುವಾರ ಆ ಮಾತು ಕೇಳಿ, ಗುಂಯ್ಯಪ್ಪ ತಟ್ಟೆ ನೋಡಿಕೊಂಡು ಸುಮ್ಮನಿದ್ದರು. ಊರವರ ಮನೆಯ ವೈರು ಹುಡುಕಿ ಹುಡುಕಿ ಸವೆದವರಿಗೆ ಎದುರಿಗೆ ಕೂತ ಒಬ್ಬ ಮನುಷ್ಯನ ಎದೆಯ ಮೇಲಿನ ಕಲ್ಲು ಎತ್ತಲಾಗಲಿಲ್ಲ. ಕೇಳಿದರೆ ಗುಂಯ್ಯಪ್ಪನವರೂ ವಾದಿಸುವುದಿಲ್ಲ. "ಹೇಡಿತನ" ಎನ್ನುತ್ತಾರೆ. "ಅಕ್ಕ ಹೋದ ಮೇಲೆ ನನ್ನ ಜೊತೆ ಅಕ್ಕನ ವಿಷಯ ಮಾತಾಡೋಕೆ ಅವರೊಬ್ಬರೇ ಇದ್ದದ್ದು. ಅದೂ ಹೋಗುತ್ತೆ ಅಂತ ಭಯ ಆಯ್ತು."

ಕಳೆದ ಭಾನುವಾರ ಹೇಳಿದರು. ಊಟಕ್ಕೆ ಕೂರುವ ಮೊದಲೇ, ನಿಂತುಕೊಂಡೇ, ಪತ್ರಿಕೆಯಲ್ಲಿ ಬರುವುದರಿಂದ ಹಿಡಿದು ಚಪ್ಪಲಿಯ ಮಾತಿನವರೆಗೆ ಒಂದನ್ನೂ ಬಿಡದೆ. ಸೌಟು ಹಿಡಿದಿದ್ದ ಭಾವ ಅದನ್ನು ಪಾತ್ರೆಯಲ್ಲಿಟ್ಟು ಒಲೆ ಆರಿಸಿದರು. ಕಿಟಕಿಯ ಕಡೆ ತಿರುಗಿ ನಿಂತರು. ಬೈಯಲಿಲ್ಲ, ಕೈ ಎತ್ತಲಿಲ್ಲ. ಜುಮ್ ಅನ್ನುತ್ತೆ ಅಂತ ಅವಳು ನಿನಗೆ ಹೇಳಿದ್ದಳಾ ಎಂದು ಎರಡು ಸಲ ಕೇಳಿದರು. ಹೇಳಿದ್ದಳು ಎಂದು ಇವರು ಎರಡು ಸಲವೂ ಒಪ್ಪಿಕೊಂಡರು. ಆಮೇಲೆ ಭಾವ ತಿರುಗಿ ನೋಡಿದರು.

"ನೀನು ಹೇಳದೇ ಇದ್ದಿದ್ರೆ ಇನ್ನೊಂದಷ್ಟು ವರ್ಷ ಇಬ್ಬರೂ ಒಟ್ಟಿಗೆ ಊಟ ಮಾಡ್ತಿದ್ವಿ. ಹೇಳಿದ್ದು ಸರಿನೇ. ಪೇಪರ್‌ನಲ್ಲಿ ಹಾಕ್ಸು, ಜನ ನೋಡ್ಲಿ. ಆದ್ರೆ ಇನ್ನು ಈ ಮನೆಗೆ ಬರಬೇಡ."

ಗುಂಯ್ಯಪ್ಪ ಬಾಗಿಲು ದಾಟಿ ಬೀದಿಗಿಳಿದರು. ಬಾಗಿಲು ಹಾಕಿದ ಸದ್ದು ತುಂಬ ಮೆತ್ತಗಿತ್ತು, ಭಾವ ಎಂದೂ ಬಾಗಿಲು ಬಡಿಯುವವರಲ್ಲ ಎನ್ನುತ್ತಾರೆ. ಆರು ವರ್ಷದಲ್ಲಿ ನೂರ ನಲವತ್ತಮೂರು ಪ್ಲಗ್ಗು ಬಿಚ್ಚಿದವರಿಗೆ ಅವತ್ತು ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಕೈ ಏಳಲಿಲ್ಲ. ಹೆಂಡತಿಯೇ ಬಿಚ್ಚಿದರು.

ಫೋಟೋ ತೆಗೆಯಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ. ನನ್ನ ಮುಖ ಕಟ್ಟಿಕೊಂಡು ಯಾರಿಗೇನಾಗಬೇಕು, ಪ್ಲಗ್ಗಿನ ಚಿತ್ರ ದೊಡ್ಡದಾಗಿ ಹಾಕಿ ಎಂದು ಮೇಜಿನ ಖಾನೆಯಿಂದ ಒಂದನ್ನು ತೆಗೆದು ಮುಂದಿಡುತ್ತಾರೆ. ಕಂದು ಬಣ್ಣ, ನಡುವೆ ಒಂದೇ ಸ್ಕ್ರೂ. ಈ ಪುಟದಲ್ಲಿ ಅದರ ಚಿತ್ರವೇ ಇದೆ, ಕೆಳಗೆ ಅವರ ಫೋನ್ ನಂಬರಿದೆ. ಇಂಥದ್ದು ಮನೆಯ ಯಾವ ಮೂಲೆಯಲ್ಲಿ ಕಂಡರೂ ಮೊದಲು ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು ಪಕ್ಕಕ್ಕಿಡಿ, ನೀವೇ ಬಿಚ್ಚಬೇಡಿ ಎಂದು ಬರೆಯಲು ಹೇಳಿದ್ದಾರೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ಸ್ಕ್ರೂಗಳನ್ನು ಅಂಗೈಗೆ ಬಳಿದುಕೊಂಡು ಡಬ್ಬಿಗೆ ಹಾಕುತ್ತಾ ಇನ್ನೂ ಒಂದು ಮಾತು ಸೇರಿಸುತ್ತಾರೆ, ಅದನ್ನು ಮಾತ್ರ ನಾನು ಹೇಳಿದ ಹಾಗೇ ಹಾಕಿ ಎಂದು.

"ಹೊಗಳೋಕೆ ಯಾರೂ ಫೋನ್ ಮಾಡೋದು ಬೇಡ. ಬೈಯೋರು ಮಾಡ್ಲಿ. ಎಷ್ಟು ಹೊತ್ತು ಬೈದ್ರೂ ಕೇಳ್ತೀನಿ. ಬೈದು ಮುಗಿಸಿದ ಮೇಲೆ, ಮನೆ ಎಲ್ಲಿ ಅಂತ ಹೇಳಿ ಫೋನಿಟ್ರೆ ಸಾಕು."